ಕುರಿ ಕಾಯುವ ಮಾತು

ಮೊದಲೇ ಹೇಳಿಬಿಡುತ್ತೇನೆ, ನನ್ನ ಬಾಯಿ ಒಳ್ಳೆಯದಲ್ಲ. ಬೈಯುವುದಕ್ಕೆ ಶುರು ಮಾಡಿದೆನೆಂದರೆ ಎದುರಿಗಿರುವುದು ಪ್ರಿನ್ಸಿಪಾಲೋ ಪ್ರಿಂಟರ್ ಮೆಷಿನ್ನೋ ಎಂದು ನೋಡುವವಳಲ್ಲ. ಕಾಲು ಗಂಟೆ ಬೈದು ಒಂದು ಲೋಟ ಚಹಾ ಕುಡಿದರೆ ಮುಗಿಯಿತು, ಏನು ಬೈದೆ ಎನ್ನುವುದು ನನಗೇ ನೆನಪಿರುವುದಿಲ್ಲ. ನನ್ನನ್ನು ಬಲ್ಲವರು ಇದನ್ನೆಲ್ಲ ಈ ಕಿವಿಯಲ್ಲಿ ಕೇಳಿ ಆ ಕಿವಿಯಲ್ಲಿ ಬಿಡುತ್ತಾರೆ. ರಜನಿಗೆ ಇದು ಎಲ್ಲರಿಗಿಂತ ಚೆನ್ನಾಗಿ ಗೊತ್ತಿತ್ತು. ಅದಕ್ಕೇ ನನಗೆ ಇಷ್ಟು ಹೊಟ್ಟೆ ಉರಿಯುವುದು.

ಡಿಸೆಂಬರ್ ಇಪ್ಪತ್ತರ ಬೆಳಿಗ್ಗೆ ನಾನು ಬಂದಳಿಕೆಯಲ್ಲಿದ್ದೆ. ತವರುಮನೆಯ ಕಟ್ಟೆಯ ಮೇಲೆ ಅವ್ವನನ್ನು ಅಂಗಾತ ಮಲಗಿಸಿ ಕಣ್ಣಿಗೆ ಔಷಧದ ಹನಿ ಬಿಡುತ್ತಿದ್ದೆ. ಶಿವಮೊಗ್ಗದಲ್ಲಿ ಪೊರೆ ತೆಗೆಸಿ ಹನ್ನೊಂದು ದಿನವಾಗಿತ್ತು. ನಮ್ಮವ್ವ ಹನುಮಮ್ಮ ಆಪರೇಷನ್ನಿಗೆ ಹೆದರಲಿಲ್ಲ, ಹನಿಗೆ ಹೆದರುತ್ತಾಳೆ. ಸೀಸೆ ಕಂಡರೆ ಸಾಕು, ಕಣ್ಣು ಬಿಗಿಯಾಗಿ ಮುಚ್ಚಿಕೊಂಡು ಬ್ಯಾಡ ಬ್ಯಾಡ ಎಂದು ಕೈ ಆಡಿಸುತ್ತಾಳೆ. ನನ್ನ ತಮ್ಮ ಹಟ್ಟಿಯ ಬಾಗಿಲು ತೆಗೆದು ಕುರಿ ಹೊರಗೆ ಬಿಡುತ್ತಿದ್ದ. ಅಷ್ಟರಲ್ಲಿ ಫೋನು ಸದ್ದು ಮಾಡಿತು. ನಮ್ಮ ಶಾಲೆಯ ಪ್ರಿನ್ಸಿಪಾಲರಿಂದ ಮೇಲ್ ಬಂದಿತ್ತು.

ನಮ್ಮ ಶಾಲೆ ಇರುವುದು ಕಾಂಬೋಡಿಯಾ ದೇಶದ ನಾಮ್ ಪೆನ್ ನಗರದಲ್ಲಿ. ಅಂತರರಾಷ್ಟ್ರೀಯ ಶಾಲೆ. ಒಂಬತ್ತು ವರ್ಷದಿಂದ ನಾನು ಅಲ್ಲಿ ಗಣಿತ ಕಲಿಸುತ್ತೇನೆ. ಪ್ರಿನ್ಸಿಪಾಲ್ ಆಸ್ಟ್ರೇಲಿಯಾದ ಹೆಂಗಸು, ಕೆಟ್ಟ ಸುದ್ದಿಯನ್ನೂ ಬೆಣ್ಣೆ ಸವರಿ ಬರೆಯುತ್ತಾರೆ. ಆ ಮೇಲ್‌ನ ತಾತ್ಪರ್ಯ ಇಷ್ಟೇ. ಪ್ರಿಯ ರೋಜಾ, ಕುಟುಂಬದ ಕುರಿ ಸಾಕಣೆಗೆ ಮರಳುವ ನಿಮ್ಮ ನಿರ್ಧಾರವನ್ನು ನಾವು ಗೌರವಿಸುತ್ತೇವೆ. ಒಂಬತ್ತು ವರ್ಷದ ಸೇವೆಗೆ ಕೃತಜ್ಞತೆಗಳು. ಜೂನ್ ಕೊನೆಗೆ ನಿಮ್ಮ ಕರಾರು ಮುಗಿಯುತ್ತದೆ. ಆಮೇಲೆ ನಿಮ್ಮ ತರಗತಿಗಳನ್ನು ಮಿಸ್ ರಜನಿ ನೋಡಿಕೊಳ್ಳುತ್ತಾರೆ.

ನಾನು ನಕ್ಕುಬಿಟ್ಟೆ. ನಿಜ ಹೇಳುತ್ತೇನೆ, ಮೊದಲು ಬಂದದ್ದು ನಗುವೇ. ಯಾರದೋ ಮೇಲ್ ಯಾರಿಗೋ ಬಂದಿದೆ ಎಂದುಕೊಂಡು ಗಂಡನನ್ನು ಕರೆದು ಓದಿ ಹೇಳಿದೆ. ಗಿರೀಶ ನಗಲಿಲ್ಲ. ಕುರಿ ಸಾಕುವ ಮನೆಯ ಗಣಿತದ ಟೀಚರು ಆ ಶಾಲೆಯಲ್ಲಿ ಇನ್ನೊಬ್ಬಳಿಲ್ಲ ಎನ್ನುವುದು ಅವರಿಗೆ ತಕ್ಷಣ ಹೊಳೆದಿತ್ತು. ಒಂದೇ ಮಾತು ಕೇಳಿದರು.

“ಹಂಗಾದ್ರೆ ಸುಷ್ಮಿತಾನ ಕೊನೇ ವರ್ಷ?”

ಸುಷ್ಮಿತಾ ನಮ್ಮ ದೊಡ್ಡ ಮಗಳು, ಹದಿನೇಳು ವರ್ಷ. ಆ ಶಾಲೆಯಲ್ಲಿ ಹನ್ನೊಂದು ಮತ್ತು ಹನ್ನೆರಡು ಸೇರಿ ಎರಡು ವರ್ಷದ ಒಂದೇ ಕೋರ್ಸು. ಅವಳದು ಅರ್ಧ ವರ್ಷ ಮುಗಿದಿದೆ. ಟೀಚರ ಮಕ್ಕಳಿಗೆ ಸೀಟು ಪುಕ್ಕಟೆ, ಆದರೆ ತಾಯಿ ಕೆಲಸದಲ್ಲಿ ಇರುವವರೆಗೆ ಮಾತ್ರ. ಹೊರಗಿನವರ ಹಾಗೆ ಫೀಸು ಕಟ್ಟಿ ಓದಿಸುವುದು ನಮ್ಮ ಕೈಯಲ್ಲಿ ಆಗುವ ಮಾತಲ್ಲ. ನಡುವೆ ಬಿಡಿಸಿಕೊಂಡು ಬಂದರೆ ಶಿಕಾರಿಪುರದ ಯಾವ ಕಾಲೇಜೂ ಅವಳನ್ನು ಸೆಕೆಂಡ್ ಪಿಯುಗೆ ತೆಗೆದುಕೊಳ್ಳುವುದಿಲ್ಲ, ಮೊದಲಿನಿಂದ ಶುರು ಮಾಡಬೇಕು. ಚಿಕ್ಕವನು ನವೀನ್ ಆರನೇ ಕ್ಲಾಸು, ಅವನು ಎಲ್ಲಿ ಬಿಟ್ಟರೂ ಈಜುತ್ತಾನೆ. ನನಗೆ ಭಯ ಹತ್ತಿದ್ದು ಅವಳ ಆ ಒಂದು ವರ್ಷಕ್ಕೆ.

ನನ್ನ ಕೆಲಸ ಎಂದರೆ ನಾಲ್ಕು ಜನರ ವೀಸಾ, ನಾಲ್ಕನೇ ಮಹಡಿಯ ಮನೆ, ಇಬ್ಬರು ಮಕ್ಕಳ ಓದು. ಗಿರೀಶ ಶಿಕಾರಿಪುರದಲ್ಲಿದ್ದ ಲೆಕ್ಚರರ್ ಕೆಲಸ ಬಿಟ್ಟು ನನ್ನ ಬೆನ್ನಿಗೆ ಬಂದವರು. ಅಲ್ಲಿ ಅಡುಗೆ ಅವರದು, ಮಕ್ಕಳನ್ನು ಟುಕ್‌ಟುಕ್‌ನಲ್ಲಿ ಬಿಟ್ಟು ಕರೆತರುವುದು ಅವರದು, ಜ್ವರ ಬಂದರೆ ಆಸ್ಪತ್ರೆ ಅವರದು. ನಮ್ಮ ಕಡೆಯ ನೆಂಟರು ಇದನ್ನು ಎಷ್ಟು ಆಡಿಕೊಂಡರೋ ಲೆಕ್ಕವಿಲ್ಲ. ಆ ಮನುಷ್ಯ ಒಂದು ದಿನವೂ ಮುಖ ಗಂಟು ಹಾಕಲಿಲ್ಲ. ಬೆಳಿಗ್ಗೆ ಏಳಕ್ಕೆ ಹೋದರೆ ಸಂಜೆ ಐದಕ್ಕೆ ನಾನು ಬರುವುದು. ಪಾಠದ ಯೋಜನೆ, ರಿಪೋರ್ಟು, ಹೋಮ್‌ವರ್ಕ್ ಹೆಚ್ಚಾಯಿತು ಎಂದು ಒಬ್ಬ ತಾಯಿಯ ಮೇಲ್, ಕಡಿಮೆಯಾಯಿತು ಎಂದು ಇನ್ನೊಬ್ಬ ತಂದೆಯ ಮೇಲ್. ಇಪ್ಪತ್ತು ದೇಶದ ಮಕ್ಕಳ ಮುಂದೆ ಇಡೀ ದಿನ ನಗುಮುಖ ಹಾಕಿಕೊಂಡು ಇಂಗ್ಲಿಷಿನಲ್ಲಿ ಸಮಾಧಾನವಾಗಿ ಮಾತಾಡಿದ್ದೆಲ್ಲ ಸಂಜೆ ಕನ್ನಡದಲ್ಲಿ ಸಿಡಿಯುತ್ತಿತ್ತು.

ಸಿಡಿದಾಗ ನಾನು ಹೇಳುವ ಮಾತು ಒಂದೇ. ಸಾಕಾಗಿಹೋಯ್ತು, ಎಲ್ಲಾ ಬಿಟ್ಟು ಊರಿಗೆ ಹೋಗಿ ಕುರಿ ಕಾಯ್ತೀನಿ. ನಮ್ಮ ಕಡೆ ಈ ಮಾತು ಆಡದವರು ಯಾರಿದ್ದಾರೆ ಹೇಳಿ. ಬ್ಯಾಂಕಿನ ಕ್ಯಾಷಿಯರ್ ಆಡುತ್ತಾನೆ, ಬಸ್ಸಿನ ಕಂಡಕ್ಟರ್ ಆಡುತ್ತಾನೆ. ಒಬ್ಬರು ಕುರಿ ಅಂದರೆ ಇನ್ನೊಬ್ಬರು ದನ ಅನ್ನುತ್ತಾರೆ, ಅಷ್ಟೇ ವ್ಯತ್ಯಾಸ. ಹಾಗೆ ಅಂದವರು ಮಾರನೆಯ ದಿನ ಹತ್ತಕ್ಕೆ ಸರಿಯಾಗಿ ಕುರ್ಚಿಯಲ್ಲಿ ಕೂತಿರುತ್ತಾರೆ. ಈ ಮಾತನ್ನು ಕೇಳಿ ಒಬ್ಬರೂ ರಾಜೀನಾಮೆ ಎಂದು ಬರೆದುಕೊಂಡ ಉದಾಹರಣೆ ಇಲ್ಲ. ನಾನು ಆಡಿದ್ದೂ ಸ್ಟಾಫ್ ರೂಮಿನಲ್ಲಿ, ಕನ್ನಡದಲ್ಲಿ. ಅಲ್ಲಿ ಕನ್ನಡ ಬರುತ್ತಿದ್ದದ್ದು ಇನ್ನೊಬ್ಬಳಿಗೆ ಮಾತ್ರ.

ರಜನಿ ಸೊರಬ ತಾಲ್ಲೂಕಿನ ಹೊಸಬಾಳೆಯವಳು. ಶಿಕಾರಿಪುರದಲ್ಲಿ ಬಿ.ಎಡ್. ಮಾಡುವಾಗ ಇಬ್ಬರೂ ಒಂದೇ ಬಾಡಿಗೆ ಕೋಣೆಯಲ್ಲಿ ಇದ್ದವರು. ಐದು ವರ್ಷದ ಹಿಂದೆ ಅವಳ ಗಂಡ ರಾಜಕುಮಾರ್ ದಾವಣಗೆರೆಯಲ್ಲಿ ಬೇರೆ ಸಂಸಾರ ಮಾಡಿಕೊಂಡ. ಅವಳು ಫೋನಿನಲ್ಲಿ ಅತ್ತಳು. ನಾನು ಪ್ರಿನ್ಸಿಪಾಲರ ಹತ್ತಿರ ಹೋಗಿ, ನನಗಿಂತ ಒಳ್ಳೆಯ ಟೀಚರು ಒಬ್ಬಳಿದ್ದಾಳೆ ಎಂದೆ. ಮೂರು ವಾರ ವಿಡಿಯೋ ಕಾಲ್‌ನಲ್ಲಿ ಅವಳನ್ನು ಇಂಟರ್‌ವ್ಯೂಗೆ ತಯಾರು ಮಾಡಿದೆ. ಅವಳು, ಅವಳ ಮಗ ರಾಹುಲ್, ಬಂದ ಮೇಲೆ ಎರಡು ತಿಂಗಳು ನಮ್ಮ ಮನೆಯಲ್ಲೇ ಇದ್ದರು. ಗಿರೀಶ ಅವನಿಗೂ ಸೇರಿಸಿ ಬುತ್ತಿ ಕಟ್ಟುತ್ತಿದ್ದರು. ಅವನು ಅವರನ್ನು ಮಾವ ಎಂದು ಕರೆಯುತ್ತಾನೆ. ಅವನೂ ಸುಷ್ಮಿತಾನೂ ಈಗ ಒಂದೇ ಕ್ಲಾಸು.

ಇನ್ನು ಆ ಫಾರ್ಮಿನ ವಿಷಯ. ಪ್ರತಿ ಡಿಸೆಂಬರಿನಲ್ಲಿ ಶಾಲೆಯವರು ಒಂದು ಹಾಳೆ ಕೊಡುತ್ತಾರೆ. ಮುಂದಿನ ವರ್ಷ ಇರುತ್ತೀರೋ ಹೋಗುತ್ತೀರೋ, ಗುರುತು ಹಾಕಿ ಸಹಿ ಮಾಡಿ ಹದಿನೈದರೊಳಗೆ ಕೊಡಬೇಕು. ಕೊಡದಿದ್ದರೆ ಹುದ್ದೆ ಖಾಲಿ ಎಂದು ಲೆಕ್ಕ. ಅವ್ವನ ಕಣ್ಣಿನ ಸಲುವಾಗಿ ನಾನು ಐದನೇ ತಾರೀಕೇ ಹೊರಟೆ. ಗಂಡ, ಮಕ್ಕಳು ಶಾಲೆಗೆ ರಜೆ ಕೊಟ್ಟ ಮೇಲೆ ಬರುವುದೆಂದಾಗಿತ್ತು. ಅವತ್ತು ಪ್ರಿನ್ಸಿಪಾಲ್ ಇರಲಿಲ್ಲ. ಇರುತ್ತೇನೆ ಎಂದು ಗುರುತು ಹಾಕಿ, ಸಹಿ ಮಾಡಿ, ರಜನಿಯ ಕೈಗೆ ಕೊಟ್ಟೆ. ಅವಳು ಅದನ್ನು ತನ್ನ ಫಾರ್ಮಿನ ಜೊತೆಗೆ ಪಿನ್ ಮಾಡಿ ಬ್ಯಾಗಿಗೆ ಹಾಕಿಕೊಂಡಳು. ನಾನು ಕಣ್ಣಾರೆ ನೋಡಿದ್ದೇನೆ.

ಅವಳೂ ಈಗ ರಜೆಗೆಂದು ಹೊಸಬಾಳೆಗೆ ಬಂದಿದ್ದಳು. ಫೋನ್ ಮಾಡಿದೆ, ಎತ್ತಲಿಲ್ಲ. ನಾಲ್ಕು ಸಲ ಮಾಡಿದೆ. ಮಧ್ಯಾಹ್ನ ವಾಟ್ಸಾಪಿನಲ್ಲಿ ದನಿ ಕಳಿಸಿದಳು. ಎಲ್ಲೋ ತಪ್ಪಾಗಿದೆ ಕಣೆ, ಶಾಲೆ ಬಾಗಿಲು ತೆಗೆದ ಮೇಲೆ ಇಬ್ಬರೂ ಹೋಗಿ ಮಾತಾಡೋಣ, ಅಲ್ಲಿವರೆಗೆ ನೀನು ಏನೂ ಬರೆಯಬೇಡ, ಸಿಟ್ಟಿನಲ್ಲಿ ಏನಾದರೂ ಬರೆದುಬಿಡುತ್ತೀಯ ಎಂದಿದ್ದಳು. ನನಗೆ ಅದು ಸರಿ ಅನ್ನಿಸಿತು. ನನ್ನ ಬಾಯಿ ನನಗೆ ಗೊತ್ತಿಲ್ಲವೇ. ಗಿರೀಶ ಮಾತ್ರ ಆ ದನಿಯನ್ನು ಎರಡು ಸಲ ಕೇಳಿದರು. ತಪ್ಪಾಗಿದೆ ಅಂದಳು, ಆದರೆ ಏನಾಯಿತು ಎಂದು ಒಂದು ಮಾತು ಕೇಳಲಿಲ್ಲವಲ್ಲ ಎಂದರು. ಆಮೇಲೆ ಅವರೇ ಪಕ್ಕದಲ್ಲಿ ಕೂತು, ನನ್ನ ಸಿಟ್ಟನ್ನೆಲ್ಲ ಅಳಿಸಿ ಅಳಿಸಿ, ಪ್ರಿನ್ಸಿಪಾಲರಿಗೆ ನಾಲ್ಕು ಸಾಲು ಬರೆಸಿದರು.

ಉತ್ತರ ಮಾರನೆಯ ಬೆಳಿಗ್ಗೆ ಬಂತು. ನಿಮ್ಮ ಫಾರ್ಮು ಬರಲಿಲ್ಲ, ಕೇಳಿದಾಗ ಮಿಸ್ ರಜನಿ ಹೀಗೆ ತಿಳಿಸಿದರು ಎಂದು ಅವಳ ಮೇಲನ್ನೇ ಕೆಳಗೆ ಅಂಟಿಸಿದ್ದರು. ಅವಳು ಬರೆದದ್ದು ಇದು. ನಮ್ಮ ಮಾತೃಭಾಷೆಯಲ್ಲಿ ರೋಜಾ ನನಗೆ ಹೇಳಿದ್ದನ್ನು ಪದಕ್ಕೆ ಪದ ಅನುವಾದ ಮಾಡುತ್ತಿದ್ದೇನೆ, ನನಗೆ ಸಾಕಾಗಿಹೋಗಿದೆ, ಎಲ್ಲವನ್ನೂ ಬಿಟ್ಟು ಊರಿಗೆ ಹೋಗಿ ಕುರಿ ಕಾಯುತ್ತೇನೆ. ಅವರ ಕುಟುಂಬಕ್ಕೆ ನಿಜವಾಗಿಯೂ ಕುರಿಗಳಿವೆ, ತಾಯಿಗೆ ಕಣ್ಣು ಕಾಣುವುದಿಲ್ಲ.

ನಾನು ಟೀಚರು, ಅಭ್ಯಾಸಬಲದಿಂದ ತಪ್ಪು ಹುಡುಕಿದೆ. ಅನುವಾದದಲ್ಲಿ ಒಂದು ತಪ್ಪಿರಲಿಲ್ಲ. ಹೇಳಿದ್ದೂ ನಾನೇ, ಕುರಿ ಇರುವುದೂ ನಿಜ, ಅವ್ವನ ಕಣ್ಣೂ ನಿಜ. ಎಲ್ಲ ನಿಜಗಳನ್ನು ಒಂದರ ಪಕ್ಕ ಒಂದು ಇಟ್ಟು ಅಷ್ಟು ದೊಡ್ಡ ಸುಳ್ಳು ಕಟ್ಟಿದ್ದಳಲ್ಲ, ಆ ಜಾಣತನಕ್ಕೆ ಅವಳ ಕೆನ್ನೆಗೆ ಬಾರಿಸಬೇಕು ಅನ್ನಿಸಿತು. ನಿಮಗೆ ಹತ್ತಿರದ ಇನ್ನೊಬ್ಬರಿಂದಲೂ ಖಚಿತಪಡಿಸಿಕೊಂಡಿದ್ದೇವೆ ಎಂದೂ ಪ್ರಿನ್ಸಿಪಾಲ್ ಬರೆದಿದ್ದರು. ಆ ಸಿಟ್ಟಿನಲ್ಲಿ ನಾನು ಆ ಸಾಲನ್ನು ದಾಟಿಕೊಂಡು ಹೋದೆ. ಕೊನೆಗೆ, ಜನವರಿ ಆರಕ್ಕೆ ಆಡಳಿತ ಮಂಡಳಿ ಸೇರುತ್ತದೆ, ಅಷ್ಟರಲ್ಲಿ ಇದು ತಪ್ಪು ತಿಳಿವಳಿಕೆ ಎಂದು ಹೇಳಿದವರೇ ಬರೆದು ಕೊಟ್ಟರೆ ಮತ್ತೆ ಪರಿಶೀಲಿಸಬಹುದು ಎಂದಿತ್ತು. ಅಲ್ಲಿಗೆ ನನಗೆ ಬೇಕಾದದ್ದು ರಜನಿಯಿಂದ ಒಂದು ಸಾಲು.

ಅವ್ವನಿಗೆ ಎಲ್ಲ ಹೇಳಿದೆ. ಅವಳು ಹಸಿರು ಬಟ್ಟೆ ಕಟ್ಟಿದ ಕಣ್ಣನ್ನು ನನ್ನ ಕಡೆ ತಿರುಗಿಸಿ, ಕುರಿ ಕಾಯಾದು ಅಂದ್ರೆ ಅಷ್ಟು ಸಸಾರ ಅಂದ್ಕಂಡೀರೇನು ನೀವಿಬ್ರೂ ಎಂದಳು. ಅವಳಿಗೆ ಅದೇ ದೊಡ್ಡ ಅವಮಾನವಾಗಿತ್ತು. ಗಿರೀಶ ಜೊತೆಗೆ ಬರುತ್ತೇನೆ ಎಂದರು. ನಾನು ಬೇಡವೆಂದೆ. ಅವರು ಬಂದರೆ ರಜನಿ ಅಳುತ್ತಾಳೆ, ಅವಳು ಅತ್ತರೆ ಇವರು ಕರಗುತ್ತಾರೆ. ಆಗ ಸುಷ್ಮಿತಾ ಒಳಗಿನಿಂದ ಬಂದು, ನಾನು ಬರ್ತೀನಿ ಅಮ್ಮ ಎಂದಳು. ನನಗೆ ಆಶ್ಚರ್ಯವಾಯಿತು. ಊರಿಗೆ ಬಂದಾಗಿನಿಂದ ಅವಳು ನನ್ನ ಜೊತೆ ಸರಿಯಾಗಿ ಮಾತೇ ಆಡಿರಲಿಲ್ಲ. ಕೇಳಿದ್ದಕ್ಕೆ ಹೂಂ, ಊಹೂಂ, ಅಷ್ಟೇ. ವಯಸ್ಸಿನ ಹುಡುಗಿ, ಇಲ್ಲಿ ನೆಟ್‌ವರ್ಕ್ ಸಿಗುವುದಿಲ್ಲ, ಅದಕ್ಕೇ ಮುನಿಸು ಎಂದುಕೊಂಡಿದ್ದೆ.

ಶಿರಾಳಕೊಪ್ಪದವರೆಗೆ ಒಂದು ಬಸ್ಸು, ಅಲ್ಲಿಂದ ಸೊರಬಕ್ಕೆ ಇನ್ನೊಂದು. ರಸ್ತೆಯ ಅರ್ಧಕ್ಕೆ ಜೋಳ ಹರವಿದ್ದರು, ಡ್ರೈವರ್ ಬೈದುಕೊಂಡೇ ಪಕ್ಕಕ್ಕೆ ಹೊಡೆಯುತ್ತಿದ್ದ. ದಾರಿಯುದ್ದಕ್ಕೂ ನಾನು ಏನೇನು ಹೇಳಬೇಕು ಎಂದು ಮನಸ್ಸಿನಲ್ಲೇ ಬಾಯಿಪಾಠ ಮಾಡಿದೆ. ಸುಷ್ಮಿತಾ ಕಿಟಕಿಯ ಹೊರಗೆ ನೋಡುತ್ತಿದ್ದಳು. ಸೊರಬದಲ್ಲಿ ಆಟೋ ಹತ್ತುವಾಗ ಒಮ್ಮೆ ನನ್ನ ಕೈ ಹಿಡಿದು ಏನೋ ಹೇಳುವುದಕ್ಕೆ ಬಂದಳು. ಆಮೇಲೆ ಹೇಳು, ಈಗ ತಲೆ ತಿನ್ನಬೇಡ ಎಂದೆ. ಅವಳು ಕೈ ಬಿಟ್ಟಳು.

ಹೊಸಬಾಳೆಯ ಮನೆಯಲ್ಲಿ ಬಾಗಿಲಿಗೆ ಬಂದವರು ರಜನಿಯ ತಾಯಿ ಯಮುನಮ್ಮ. ನನ್ನ ಕೆನ್ನೆ ಸವರಿ ನೆಟಿಕೆ ಮುರಿದರು. ನಿನ್ನ ಹೆಸರು ಹೇಳಿಕೊಂಡೇ ನಾವು ಈಗ ಎರಡು ಹೊತ್ತು ಅನ್ನ ಉಣ್ಣುತ್ತಿರುವುದು, ದೇವರು ನಿನ್ನ ತಣ್ಣಗೆ ಇಟ್ಟಿರಲಿ ಎಂದರು. ಅವರಿಗೆ ಏನೂ ಗೊತ್ತಿಲ್ಲ ಎಂದು ಆ ಮುಖ ನೋಡಿದರೇ ತಿಳಿಯುತ್ತಿತ್ತು. ಅವಲಕ್ಕಿ ಕಲೆಸಿ ತಂದು ಮುಂದಿಟ್ಟರು. ರಾಹುಲ್ ಸೊರಬಕ್ಕೆ ಹೋಗಿದ್ದಾನೆ ಎಂದರು. ರಜನಿ ಹಿತ್ತಲಿನಿಂದ ಕೈ ಒರೆಸಿಕೊಳ್ಳುತ್ತ ಬಂದಳು. ನನ್ನನ್ನು ಕಂಡು ಬೆಚ್ಚಲಿಲ್ಲ. ಬಂದ್ಯಾ ಎಂದಳು, ಅಷ್ಟೇ. ಬರುತ್ತೇನೆ ಎಂದು ಅವಳಿಗೆ ಗೊತ್ತಿತ್ತು.

ಬಸ್ಸಿನಲ್ಲಿ ಬಾಯಿಪಾಠ ಮಾಡಿದ್ದೆಲ್ಲ ಎಲ್ಲಿ ಹೋಯಿತೋ. ಫೋನ್ ತೆಗೆದು ಅವಳದೇ ಮೇಲನ್ನು ಅವಳ ಮುಂದೆ ಹಿಡಿದೆ. ಅವಳು ಓದಲಿಲ್ಲ.

“ನನ್ನ ಫಾರ್ಮು ಎಲ್ಲೈತೆ?” ಎಂದೆ.

“ಮರೆತೆ ಅಂದ್ರೆ ನಂಬ್ತೀಯಾ?”

“ಇಲ್ಲ.”

“ಹಂಗಾರೆ ಕೇಳಬೇಡ.” ಅವಳು ಕಂಬಕ್ಕೆ ಒರಗಿ ಕೂತಳು. “ನೀ ಊರಿಗೆ ಹೊರಟ ಮೂರನೇ ದಿನ ಕರೆದು ಹೇಳಿದ್ರು. ಮಕ್ಳು ಕಡಿಮೆ ಆಗಿದಾರಂತೆ, ಮುಂದಿನ ವರ್ಷ ಗಣಿತಕ್ಕೆ ಒಬ್ರೇ ಸಾಕಂತೆ. ಕೊನೆಗೆ ಬಂದೋಳು ನಾನು. ನಾನೇ ಹೋಗಬೇಕಿತ್ತು ಕಣೆ. ರಾಹುಲಂದೂ ಒಂದೇ ವರ್ಷ ಬಾಕಿ. ಎಂತ ಮಾಡ್ಲಿ ಹೇಳು?”

ನನಗೆ ಹೇಳಬಹುದಿತ್ತು ಎಂದೆ. ನನಗೆ ಒಂದು ಫೋನ್ ಮಾಡಿದ್ದರೆ ಗಿರೀಶ, ನಾನು, ನೀನು ಮೂವರೂ ಕೂತು ಏನಾದರೊಂದು ದಾರಿ ಹುಡುಕುತ್ತಿದ್ದೆವು, ಇಬ್ಬರೂ ಅರ್ಧರ್ಧ ಕೆಲಸ ಮಾಡುತ್ತೇವೆ ಎಂದು ಕೇಳುತ್ತಿದ್ದೆವು, ಜಗಳವಾಡುತ್ತಿದ್ದೆವು ಎಂದೆ. ಹೇಳುತ್ತ ಹೇಳುತ್ತ ನನ್ನ ದನಿ ಏರಿತು. ನನ್ನ ಮನೆಯ ಅನ್ನ ಉಂಡವಳು, ನನ್ನ ಹಾಸಿಗೆಯಲ್ಲಿ ಮಲಗಿದವಳು, ನನ್ನ ಬಾಯಿಂದ ಬಂದ ಬೈಗುಳವನ್ನು ಎತ್ತಿಕೊಂಡು ಹೋಗಿ ನನ್ನ ಕತ್ತು ಕೊಯ್ದೆಯಲ್ಲೇ ಎಂದೆ. ಯಮುನಮ್ಮ ಚಹಾದ ಲೋಟ ಹಿಡಿದು ನಿಂತವರು ನಿಂತೇ ಇದ್ದರು. ಹೌದನೆ ರಜನಿ ಎಂದು ಕೇಳಿದರು. ಅವಳು ತಲೆ ಎತ್ತಲಿಲ್ಲ. ಯಮುನಮ್ಮನಿಗೆ ಉತ್ತರ ಸಿಕ್ಕಿತು.

ಆ ಹೆಂಗಸು ಈಗ ಮಗಳಿಗೆ ಎರಡು ಬಿಡುತ್ತಾರೆ ಎಂದು ನಾನು ಕಾದೆ. ಅವರು ಲೋಟಗಳನ್ನು ಕೆಳಗಿಟ್ಟರು. ಅವಲಕ್ಕಿ ತಟ್ಟೆಯನ್ನು ನನ್ನ ಹತ್ತಿರ ಸರಿಸಿದರು.

“ತಿನ್ನೆ ಮಗಾ, ಹೊಟ್ಟೆ ಮೇಲೆ ಸಿಟ್ಟು ಬ್ಯಾಡ. ನಿಂಗಾದ್ರೆ ಗಂಡ ಇದಾನೆ.”

ಬಾಗಿಲಲ್ಲಿ ನೆಟಿಕೆ ಮುರಿದ ಕೈ ಅದು. ಆದರೂ ನಾನು ಬಂದದ್ದು ಅಳುವುದಕ್ಕಲ್ಲ. ಆಗಿದ್ದು ಆಯಿತು, ಈಗ ಒಂದು ಸಾಲು ಬರಿ ಎಂದೆ. ನಮ್ಮ ಕಡೆ ಅದೊಂದು ಸುಮ್ಮನೆ ಆಡುವ ಮಾತು, ಫಾರ್ಮು ನನ್ನ ಹತ್ತಿರ ಉಳಿದುಬಿಟ್ಟಿತ್ತು, ಇಷ್ಟೇ ಬರಿ ಎಂದೆ. ನನ್ನ ಮಗಳ ಒಂದು ವರ್ಷ ಕೊಡು, ನಿನ್ನನ್ನು ಆಮೇಲೆ ನಾನು ಏನೂ ಕೇಳುವುದಿಲ್ಲ ಎಂದೂ ಎಂದೆ. ಯಾರ ಮುಂದೆಯೂ ಹಾಗೆ ಬೇಡಿದವಳಲ್ಲ ನಾನು.

ರಜನಿ ಬರೆಯಲಾರೆ ಎಂದಳು. ಬರೆದರೆ ತಾನು ಸುಳ್ಳು ಹೇಳಿದೆ ಎಂದಾಗುತ್ತದೆ, ತನ್ನನ್ನೂ ತೆಗೆಯುತ್ತಾರೆ, ಆಗ ಇಬ್ಬರ ಮಕ್ಕಳೂ ಹೊರಗೆ ಎಂದಳು. ಆಮೇಲೆ ನನ್ನ ಮುಖ ನೋಡದೆ ಇನ್ನೊಂದು ಮಾತು ಹೇಳಿದಳು.

“ನಾ ಬರೆದ್ರೂ ಏನೂ ಆಗಲ್ಲ. ನಾನೊಬ್ಳೇ ಹೇಳಿದ್ದಲ್ಲ. ಅವ್ರು ಸುಷ್ಮಿತಾನೂ ಕರೆಸಿ ಕೇಳಿದಾರೆ.”

ನಾನು ತಿರುಗಿ ನೋಡಿದೆ. ಸುಷ್ಮಿತಾ ಬಾಗಿಲ ಹತ್ತಿರ ಚಪ್ಪಲಿಯ ಪಕ್ಕದಲ್ಲಿ ನಿಂತಿದ್ದಳು. ಬಂದಾಗಿನಿಂದ ಕೂತೇ ಇರಲಿಲ್ಲ.

“ಹೌದು,” ಎಂದಳು. “ಮನೆಯಲ್ಲಿ ಅಮ್ಮ ಹೀಗೆ ಹೇಳ್ತಾರಾ ಅಂತ ಕೇಳಿದ್ರು. ಹೇಳ್ತಾರೆ ಅಂದೆ. ನೀನು ಹೇಳ್ತೀಯಲ್ಲ.”

“ನನಗ್ಯಾಕೆ ಹೇಳಲಿಲ್ಲ?”

“ನೀನೇ ಹೇಳ್ತೀಯ ಅಂತ ಕಾದೆ. ನನ್ನ ಒಂದು ವರ್ಷ ಬಾಕಿ ಇದೆ, ಆದ್ರೂ ಅಮ್ಮ ಬಿಟ್ಟು ಹೋಗ್ತಿದಾಳೆ, ನನಗೆ ಹೇಳ್ತಾನೂ ಇಲ್ಲ ಅಂತ ಅಂದ್ಕೊಂಡೆ. ನಿನ್ನೆ ನೀನು ಅಪ್ಪನ ಹತ್ರ ಕೂಗಾಡೋವರೆಗೂ ನಂಗೆ ಗೊತ್ತಿರಲಿಲ್ಲ.”

ನನ್ನ ಮಗಳ ಮುನಿಸು ನೆಟ್‌ವರ್ಕಿನ ಮೇಲಲ್ಲ ಎನ್ನುವುದು ನನಗೆ ಆಗ ತಿಳಿಯಿತು. ನಾನು ಅವಳಿಗೆ ಮೋಸ ಮಾಡಿದೆ ಎಂದು ತಿಳಿದು ಆ ಹುಡುಗಿ ನಾಲ್ಕೈದು ದಿನ ಒಳಗೊಳಗೇ ಕೊರಗಿದ್ದಳು.

ಅವಳನ್ನು ಕೇಳಿ ಎಂದು ಹೇಳಿಕೊಟ್ಟವರು ಯಾರು ಎಂದು ರಜನಿಯನ್ನು ಕೇಳಿದೆ. ಅವಳು ಸೀರೆಯ ಸೆರಗಿನ ದಾರ ಕೀಳುತ್ತ ಕೂತಿದ್ದಳು.

“ಅವ್ಳಿಗೂ ಕನ್ನಡ ಬರುತ್ತೆ, ಬೇಕಾದ್ರೆ ಕೇಳಿ ಅಂದೆ,” ಎಂದಳು.

ಇದನ್ನು ನಾನು ಸಾಯುವವರೆಗೂ ಮರೆಯುವುದಿಲ್ಲ. ಸುಷ್ಮಿತಾ ಊರು ಬಿಟ್ಟಾಗ ಎಂಟು ವರ್ಷದವಳು. ಅಲ್ಲಿ ಅವಳಿಗೆ ಕನ್ನಡ ಎಂದರೆ ನಮ್ಮ ಮನೆ ಮಾತ್ರ. ಅವರಪ್ಪ ಅಳೆದು ತೂಗಿ ಮಾತಾಡುವವರು, ಹಾಗಾಗಿ ಹೆಚ್ಚಿನದೆಲ್ಲ ನನ್ನ ಬಾಯಿಂದಲೇ ಬಂದದ್ದು. ಪದ ಎಲ್ಲ ಬರುತ್ತದೆ, ಆಡುವ ಮಾತಿನ ವರಸೆ ಬರುವುದಿಲ್ಲ. ಎರಡು ವರ್ಷದ ಹಿಂದೆ ಕಾಲಿಗೆ ಬಿದ್ದು ಕೇಳಿದೆ ಎಂದು ಯಾರೋ ಅವರಪ್ಪನಿಗೆ ಹೇಳಿದ್ದನ್ನು ಕೇಳಿ, ಎಲ್ಲಿ ಬಿದ್ದರು, ಪೆಟ್ಟಾಯಿತಾ ಎಂದು ಕೇಳಿದ ಹುಡುಗಿ ಅವಳು. ಆ ಕಥೆಯನ್ನು ಸ್ಟಾಫ್ ರೂಮಿನಲ್ಲಿ ಹೇಳಿ ಹೇಳಿ ನಕ್ಕವಳು ಇದೇ ರಜನಿ. ಅವಳ ಮಗ ರಾಹುಲ್‌ನನ್ನು ಕೇಳಿದ್ದರೆ, ಅಯ್ಯೋ ಅದು ಸುಮ್ನೆ ಅನ್ನೋದು ಎಂದುಬಿಡುತ್ತಿದ್ದ. ಅದು ಗೊತ್ತಿದ್ದೇ ಅವಳು ನನ್ನ ಮಗಳ ಕಡೆ ಬೆರಳು ತೋರಿಸಿದ್ದಳು. ನನಗೆ ಮಾಡಿದ್ದನ್ನು ಯಾವತ್ತಾದರೂ ನುಂಗಿಕೊಂಡೇನು, ನನ್ನ ಮಗಳ ಬಾಯಿಂದಲೇ ಅವಳ ಸೀಟು ಕಳೆಸಿದ್ದನ್ನು ನುಂಗಲಾರೆ.

ಬೈಯಬೇಕಿತ್ತು. ಹೊಸಬಾಳೆಯ ಕೇರಿಯೆಲ್ಲ ಹೊರಗೆ ಬರುವ ಹಾಗೆ ಬೈಯಬೇಕಿತ್ತು. ನನ್ನ ಬಾಯಿಗೆ ಒಂದು ಮಾತು ಬರಲಿಲ್ಲ. ಆಡಿದರೆ ಮಗಳು ಪಕ್ಕದಲ್ಲಿ ನಿಂತು ಅದನ್ನೂ ನಿಜವೆಂದು ತಿಳಿಯುತ್ತಾಳೇನೋ ಎಂದು ಭಯವಾಯಿತು. ಅವಳ ಕೈ ಹಿಡಿದುಕೊಂಡು ಹೊರಗೆ ಬಂದೆ. ಯಮುನಮ್ಮ ಹಿಂದಿನಿಂದ, ಕುಂಕುಮ ಇಟ್ಟುಕೊಂಡಾದರೂ ಹೋಗೆ ಎಂದು ಕರೆದರು. ನಾನು ನಿಲ್ಲಲಿಲ್ಲ.

ಊರ ಹೊರಗಿನ ಬಸ್ ನಿಲ್ದಾಣದಲ್ಲಿ ಯಾರೂ ಇರಲಿಲ್ಲ. ಸಿಮೆಂಟಿನ ಬೆಂಚಿನ ಮೇಲೆ ಕೂತು ನಾನು ಮಗಳಿಗೆ ಪಾಠ ಶುರು ಮಾಡಿದೆ. ಕುರಿ ಕಾಯುತ್ತೇನೆ ಎಂದರೆ ಕುರಿ ಕಾಯುವುದಲ್ಲ, ದಣಿದಿದ್ದೇನೆ ಎಂದು ಅರ್ಥ. ಎಲ್ಲ ಬಿಟ್ಟು ಹೋಗುತ್ತೇನೆ ಎಂದರೆ ಯಾರಾದರೂ ಒಂದು ಲೋಟ ಚಹಾ ಕೊಡಿ ಎಂದು ಅರ್ಥ. ತಲೆ ತಿನ್ನಬೇಡ ಎಂದರೆ ಸ್ವಲ್ಪ ಹೊತ್ತು ಸುಮ್ಮನಿರು ಎಂದು. ಅವಳು ತಲೆ ಬಗ್ಗಿಸಿ ಎಲ್ಲ ಕೇಳಿದಳು. ಕ್ಲಾಸಿನಲ್ಲಿ ಲೆಕ್ಕ ಅರ್ಥವಾಗದ ಮಕ್ಕಳು ಕೂರುವ ಹಾಗೆ ಕೂತಿದ್ದಳು. ಆಮೇಲೆ ಕೇಳಿದಳು.

“ಹಾಗಾದ್ರೆ ಆ ಕಲ್ಲಿನದ್ದು?”

“ಯಾವ ಕಲ್ಲು?”

“ನಿನ್ನ ಹೆರೋ ಬದಲು ಒಂದು ಕಲ್ಲು ಹೆತ್ತಿದ್ರೆ ಬಟ್ಟೆ ಒಗಿಯಕಾದ್ರೂ ಆಗ್ತಿತ್ತು ಅಂತೀಯಲ್ಲ. ಅದು?”

ನನ್ನದೇ ದನಿಯಲ್ಲಿ ಹೇಳಿದಳು, ಎಲ್ಲಿ ಏರಿಸುತ್ತೇನೋ ಅಲ್ಲೇ ಏರಿಸಿ.

ಅದು ನನ್ನ ಮಾತಲ್ಲ. ಅವ್ವ ನನಗೆ ಅನ್ನುತ್ತಿದ್ದಳು, ಅವಳ ಅವ್ವ ಅವಳಿಗೆ ಅಂದಿರಬೇಕು. ಬಂದಳಿಕೆಯಲ್ಲಿ ಎಲ್ಲ ಮನೆಯಿಂದಲೂ ಆ ಮಾತು ಕೇಳಿಸುತ್ತಿತ್ತು. ಕಲ್ಲು ಹೆತ್ತಿದ್ದರೆ ಎಂದು ಬೈದವಳೇ ಅರ್ಧ ಗಂಟೆ ಬಿಟ್ಟು, ಬಾರೆ ಉಣ್ಣಕೆ ಎಂದು ಕೂಗುತ್ತಿದ್ದಳು. ನಾವು ಹಲ್ಲು ಕಿರಿದು ಓಡಿ ಹೋಗುತ್ತಿದ್ದೆವು. ನಾಮ್ ಪೆನ್ನಿನ ನಾಲ್ಕನೇ ಮಹಡಿಯಲ್ಲಿ ನನ್ನ ಮಗಳು ಅದನ್ನು ಇನ್ನು ಯಾವ ತಾಯಿಯ ಬಾಯಲ್ಲಿ ಕೇಳಬೇಕಿತ್ತು. ಲೆಕ್ಕ ತಪ್ಪಿದಾಗ ಅಂದಿದ್ದೇನೆ, ಹಾಲು ಉಕ್ಕಿಸಿದಾಗ ಅಂದಿದ್ದೇನೆ, ಸುಮ್ಮಸುಮ್ಮನೆಯೂ ಅಂದಿದ್ದೇನೆ.

“ಎಷ್ಟು ವರ್ಷದಿಂದ ನಿಜ ಅಂದ್ಕೊಂಡಿದೀಯ?”

“ಚಿಕ್ಕವಳಿದ್ದಾಗ ಅಪ್ಪನ್ನ ಕೇಳಿದ್ದೆ. ಅಪ್ಪ ನಕ್ಕರು. ಆಮೇಲೆ ಕೇಳಲಿಲ್ಲ.”

ಅದೂ ಅಷ್ಟೇ ಕಣೆ, ಸುಮ್ಮನೆ ಅನ್ನೋದು, ನೀನಂದ್ರೆ ನಂಗೆ ಜೀವ ಎಂದೆ. ಹೇಳುವಾಗ ಆ ಮಾತು ನನ್ನ ಕಿವಿಗೇ ಹೊಸದಾಗಿತ್ತು. ಒಂಬತ್ತು ವರ್ಷದಲ್ಲಿ ಅದನ್ನು ಅವಳಿಗೆ ಕನ್ನಡದಲ್ಲಿ ಒಮ್ಮೆಯೂ ಹೇಳಿರಲಿಲ್ಲ. ನಮ್ಮಲ್ಲಿ ಯಾರು ಹೇಳುತ್ತಾರೆ. ಅವಳು ಹೂಂ ಎಂದಳು. ನಂಬಿದಳೋ ಇಲ್ಲವೋ ಗೊತ್ತಾಗಲಿಲ್ಲ.

ಅವಳು ಫೋನು ತೆಗೆದಳು. ರಜನಿ ಆಂಟಿ ಬರೆಯದಿದ್ದರೇನು, ಹೇಳಿದವರೇ ಬರೆಯಬೇಕು ಎಂದಿದ್ದಾರಲ್ಲ, ಹೇಳಿದವಳು ನಾನೂ ಇದ್ದೇನೆ ಎಂದಳು. ಪ್ರಿನ್ಸಿಪಾಲರಿಗೆ ಇಂಗ್ಲಿಷಿನಲ್ಲಿ ಬರೆಯತೊಡಗಿದಳು. ಹೆಬ್ಬೆರಳುಗಳು ಸರಸರ ಓಡಿದವು, ಒಂದು ಕಡೆಯೂ ತಡವರಿಸಲಿಲ್ಲ. ಶಿರಾಳಕೊಪ್ಪದ ಕಡೆಯ ಬಸ್ಸು ದೂರದ ತಿರುವಿನಲ್ಲಿ ಕಾಣಿಸಿತು. ಅವಳು ಫೋನನ್ನು ನನ್ನ ಕೈಗೆ ಕೊಟ್ಟು, ತಪ್ಪಿದ್ದರೆ ತಿದ್ದು ಅಮ್ಮ ಎಂದಳು.

ನಾಲ್ಕೇ ಸಾಲು ಇತ್ತು. ಆ ದಿನ ನಾನು ನಿಮಗೆ ಹೇಳಿದ್ದನ್ನು ಹಿಂದಕ್ಕೆ ತೆಗೆದುಕೊಳ್ಳುತ್ತೇನೆ. ನನ್ನ ತಾಯಿ ಶಾಲೆ ಬಿಡಲು ಯಾವತ್ತೂ ಬಯಸಿರಲಿಲ್ಲ. ಅವರು ಮಾತಾಡುವ ಭಾಷೆ ನನಗೆ ಅರ್ಥವಾಗುವುದಿಲ್ಲ. ದಯವಿಟ್ಟು ಅವರ ವಿಷಯದಲ್ಲಿ ನನ್ನ ಮಾತನ್ನು ನಂಬಬೇಡಿ.

ಎರಡು ಸಲ ಓದಿದೆ. ತಿದ್ದುವಂಥದ್ದು ಏನೂ ಇರಲಿಲ್ಲ. ಕಳಿಸು ಎಂದೆ.